ಇಳಿವಯಸ್ಸಿನಲ್ಲಿ ಹೊಸ ವಿದ್ಯೆ, ಹೊಸ ಸ್ನೇಹ



“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳ ಶಿಕ್ಷಣವನ್ನು ಕುರಿತು ಹೇಳಿದರು. ಎಳೆತನದಲ್ಲಿ ತಿದ್ದದಿದ್ದರೆ ಮುಂದೆ ತಿದ್ದುವುದು ಕಷ್ಟವೆಂಬುದೇ ಅದರ ತಾತ್ಪರ್ಯ. ತಂದೆತಾಯಿಗಳಿಗೆ ಅದು ಒಳ್ಳೆಯ ಎಚ್ಚರಿಕೆ. ಆದರೆ ನಮ್ಮ ಪಟ್ಟಣಗಳಲ್ಲಿ ಈ ಗಾದೆಯ ಮರೆಯನ್ನು ಹೊಕ್ಕು ಕುಳಿತಿರುವವರು ಬೇರೆಯವರು; ಉದ್ಯೋಗದಿಂದ ನಿವೃತ್ತರಾದ ಗೃಹಸ್ಥರು, ಮಕ್ಕಳ ಮದುವೆಗಳನ್ನು ಮುಗಿಸಿದ ಗೃಹಿಣಿಯರು. “ಇನ್ನು ಈ ವಯಸ್ಸಿನಲ್ಲಿ ನಮಗೇನು ಹೊಸ ಕಲಿಕೆ? ಹೊಸಬರ ಸ್ನೇಹ ಯಾತಕ್ಕೆ?” ಎಂಬ ಮಾತು ವಿನಯದ ಮಾತಿನಂತೆ ಕೇಳಿಸುತ್ತದೆ. ಕೇಳಿದವರೂ ತಲೆದೂಗುತ್ತಾರೆ. ಮರದ ವಿಷಯದಲ್ಲಿ ಗಾದೆ ದಿಟ. ಮನುಷ್ಯನ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ದಿಟವೆಂಬುದನ್ನು ವಿಚಾರಮಾಡುವುದು ಈ ಭಾಷಣದ ಉದ್ದೇಶ.

ವಿಷಯ ಹಗುರವಾದುದಲ್ಲ. ಇಂದು ಕರ್ನಾಟಕದಲ್ಲಿ ಸರ್ಕಾರಿ ನೌಕರರು 60ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಆರೋಗ್ಯವಾಗಿ ಆ ವಯಸ್ಸನ್ನು ಮುಟ್ಟಿದವರು ಇನ್ನೂ ಹದಿನೈದು ಇಪ್ಪತ್ತು ವರ್ಷ ಬಾಳುವುದು ಸಾಮಾನ್ಯ ಸಂಗತಿಯಾಗಿದೆ. ಹುಟ್ಟಿದ ಮಗು ಕಾಲೇಜನ್ನು ಮುಟ್ಟುವಷ್ಟು ದೀರ್ಘವಾದ ಅವಧಿ ಅದು. ಆ ಅವಧಿಯಲ್ಲಿ ಮಕ್ಕಳು ಪರಊರಿನಲ್ಲೋ ಪರದೇಶದಲ್ಲೋ ಇರುತ್ತಾರೆ. ಜೊತೆಯಲ್ಲಿ ದುಡಿದವರು ದಿಕ್ಕುದಿಕ್ಕಿಗೆ ಚದುರಿರುತ್ತಾರೆ. ಬಾಲ್ಯದ ಗೆಳೆಯರಲ್ಲಿ ವರ್ಷಕ್ಕೊಬ್ಬರು ಇಲ್ಲವಾಗುತ್ತಾರೆ. ಒಂದು ದಿನ ಬಾಳಸಂಗಾತಿಯೂ ಅಗಲಬಹುದು. ಕಳೆಯುವ ಲೆಕ್ಕ ನಮ್ಮನ್ನು ಕೇಳದೆಯೇ ನಡೆಯುತ್ತಿರುತ್ತದೆ. ಕೂಡುವ ಲೆಕ್ಕವನ್ನು ಮಾತ್ರ ನಾವೇ ಮಾಡಬೇಕು. ಅದನ್ನು ಮಾಡದವರ ಮನೆಯಲ್ಲಿ ಕೊನೆಗೆ ಉಳಿಯುವುದು ಗೋಡೆಯ ಗಡಿಯಾರದ ಸದ್ದೊಂದೇ.

ಮೊದಲು ಕಲಿಕೆಯ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತಮ್ಮ ಮಹಾಗ್ರಂಥದಲ್ಲಿ, ಮೂವತ್ತು ವರ್ಷದ ಹೊತ್ತಿಗೆ ಮನುಷ್ಯನ ಸ್ವಭಾವವು ಗಾರೆಯಂತೆ ಗಟ್ಟಿಯಾಗಿಬಿಡುತ್ತದೆಂದು ಅಭಿಪ್ರಾಯಪಟ್ಟರು. ನಮ್ಮ ಗಾದೆಗೆ ಅಲ್ಲಿಯೂ ಒಬ್ಬ ಸಾಕ್ಷಿ ದೊರೆತಂತಾಯಿತು. ಆದರೆ ಶಾಸ್ತ್ರವು ಅಭಿಪ್ರಾಯದಲ್ಲಿ ನಿಲ್ಲುವುದಿಲ್ಲ, ಅಳೆದು ನೋಡುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮತ್ತೊಬ್ಬ ವಿದ್ವಾಂಸರು ವಯಸ್ಕರ ಕಲಿಕೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿ 1928ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಯೌವನದ ತುಟ್ಟತುದಿಯಿಂದ ನಡುವಯಸ್ಸಿನವರೆಗೆ ಕಲಿಯುವ ಶಕ್ತಿ ಇಳಿಯುವುದು ನಿಜವಾದರೂ, ಆ ಇಳಿಕೆ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಪಾಲಿನಷ್ಟು ಮಾತ್ರವೆಂದು ಅವರು ಕಂಡರು. ಅವರ ಸಹೋದ್ಯೋಗಿ ಅರ್ವಿಂಗ್ ಲಾರ್ಜ್ ಇನ್ನೂ ಒಂದು ಹೆಜ್ಜೆ ಮುಂದೆಹೋಗಿ, ಪರೀಕ್ಷೆಗೆ ಗೊತ್ತುಮಾಡಿದ ಗಡುವನ್ನು ತೆಗೆದುಹಾಕಿದರೆ ಹಿರಿಯರ ಹಿಂಬೀಳುವಿಕೆ ಬಹುಮಟ್ಟಿಗೆ ಕಡಮೆಯಾಗುವುದನ್ನು ತೋರಿಸಿದರು. ಅಂದರೆ, ವಯಸ್ಸಿನೊಡನೆ ಮುಖ್ಯವಾಗಿ ಕುಂದುವುದು ವೇಗ.

ಈ ಶೋಧವನ್ನು ಮುಂದಿನವರು ಮತ್ತಷ್ಟು ಸ್ಪಷ್ಟಪಡಿಸಿದರು. ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ ಎಂಬುವರು ಬುದ್ಧಿಯಲ್ಲಿ ಎರಡು ಬಗೆಗಳನ್ನು ವಿಂಗಡಿಸಿದರು. ಹಿಂದೆಂದೂ ಕಾಣದ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ಒಂದು. ಅದು ಪ್ರಾಯದಲ್ಲಿ ಏರಿ ಆಮೇಲೆ ಇಳಿಯುತ್ತದೆ. ಅನುಭವದಿಂದಲೂ ಓದಿನಿಂದಲೂ ಶೇಖರವಾದ ತಿಳಿವಳಿಕೆ, ಶಬ್ದಸಂಪತ್ತು, ವಿವೇಚನೆ ಇನ್ನೊಂದು. ಅದು ಇಳಿವಯಸ್ಸಿನವರೆಗೂ ಉಳಿಯುತ್ತದೆ, ಎಷ್ಟೋ ವೇಳೆ ಬೆಳೆಯುತ್ತದೆ. ಆದುದರಿಂದ ಅರವತ್ತರ ಮನುಷ್ಯನು ಇಪ್ಪತ್ತರವನ ಹಾಗೆ ಕಲಿಯಲಾರನೆಂದರೆ ಒಪ್ಪಬಹುದು, ಕಲಿಯಲಾರನೆಂದರೆ ಒಪ್ಪಲಾಗದು. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ಎಂಬ ವೃದ್ಧೆ 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಆ ರಾಜ್ಯದ ಸಾಕ್ಷರತಾ ಪರೀಕ್ಷೆಗೆ ಕುಳಿತು ನೂರಕ್ಕೆ 98 ಅಂಕಗಳನ್ನು ಪಡೆದರು. ಹುಡುಗಿಯಾಗಿದ್ದಾಗ ಅವರಿಗೆ ಶಾಲೆ ದೊರೆತಿರಲಿಲ್ಲ. ಅಕ್ಷರ ತನ್ನ ಬಳಿಗೆ ಬಂದವರ ಜಾತಕವನ್ನು ಕೇಳುವುದಿಲ್ಲ.

ಹಾಗಾದರೆ ತಡೆಯುವುದು ಯಾವುದು? ತಡೆಯುವುದು ಮರೆವಲ್ಲ, ಮರ್ಯಾದೆ. ಮೂವತ್ತು ವರ್ಷ ಉಪಾಧ್ಯಾಯರಾಗಿದ್ದವರು ವೀಣೆಯ ಪಾಠಕ್ಕೆ ಹೋದರೆ, ಸರಳೆಯನ್ನು ನುಡಿಸುವಾಗ ಬೆರಳು ತಪ್ಪುತ್ತದೆ. ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಹುಡುಗಿಗೆ ತಪ್ಪುವುದಿಲ್ಲ. ಇಡೀ ಕಚೇರಿ ಯಾರ ಷರಾಕ್ಕಾಗಿ ಕಾದಿರುತ್ತಿತ್ತೋ ಅವರು ಈಜುಕೊಳದ ಅಂಚಿನಲ್ಲಿ ನಿಂತು, ಮೊಮ್ಮಗನ ವಯಸ್ಸಿನವನೊಬ್ಬನು ಹೇಳಿದಂತೆ ಕಾಲನ್ನು ಬಡಿಯಬೇಕಾಗುತ್ತದೆ. ಬಹುಕಾಲ ಹೇಳಿಕೊಡುವ ಸ್ಥಾನದಲ್ಲಿ ಇದ್ದವರಿಗೆ ಹೇಳಿಸಿಕೊಳ್ಳುವ ಸ್ಥಾನಕ್ಕೆ ಇಳಿದು ಬರುವುದು ಮೊಣಕಾಲಿನ ನೋವಿಗಿಂತಲೂ ಹೆಚ್ಚಿನ ಕಷ್ಟ. ಈ ಕಷ್ಟವನ್ನು ಹೆಸರು ಹಿಡಿದು ಹೇಳಲು ಸಂಕೋಚಪಟ್ಟು ನಾವು “ವಯಸ್ಸಾಯಿತು” ಎಂದುಬಿಡುತ್ತೇವೆ. ವಯಸ್ಸಿಗೆ ಇಲ್ಲದ ಅಪರಾಧವನ್ನು ಅದರ ಮೇಲೆ ಹೊರಿಸುತ್ತೇವೆ.

ಇಲ್ಲಿ ನಾವು ಒಬ್ಬ ಮಹನೀಯರ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಹೊಸ ವಿದ್ಯೆಯೂ ಹೊಸ ಸ್ನೇಹವೂ ಒಂದೇ ಬಾಗಿಲಿನಿಂದ ಬಂದ ಪ್ರಸಂಗ ಅದು. 1861ರಲ್ಲಿ ಜನಿಸಿದ ರವೀಂದ್ರನಾಥ ಠಾಕೂರರು 1924ರ ಕೊನೆಯಲ್ಲಿ, ಪೆರು ದೇಶದ ಸ್ವಾತಂತ್ರ್ಯೋತ್ಸವದ ಆಹ್ವಾನವನ್ನು ಮನ್ನಿಸಿ ಸಮುದ್ರಪ್ರಯಾಣ ಕೈಗೊಂಡರು. ಆಗ ಅವರಿಗೆ 63 ವರ್ಷ. ನೊಬೆಲ್ ಪಾರಿತೋಷಕ ಬಂದು ಹನ್ನೊಂದು ವರ್ಷವಾಗಿತ್ತು. ದಾರಿಯಲ್ಲಿ ಅಸ್ವಸ್ಥರಾಗಿ ಆರ್ಜೆಂಟೀನದ ಬ್ಯೂನಸ್ ಐರಿಸ್ ನಗರದಲ್ಲಿ ಇಳಿಯಬೇಕಾಯಿತು. ಅವರ ಕಾವ್ಯವನ್ನು ಅನುವಾದದಲ್ಲಿ ಓದಿ ಮೆಚ್ಚಿದ್ದ ವಿಕ್ಟೋರಿಯಾ ಒಕಾಂಪೊ ಎಂಬ 34 ವರ್ಷದ ಲೇಖಕಿ, ನಗರದ ಹೊರಗಣ ಸಾನ್ ಇಸಿದ್ರೋದಲ್ಲಿ ನದಿಯ ಕಡೆಗೆ ಮುಖಮಾಡಿದ್ದ ಒಂದು ಮನೆಯನ್ನು ಏರ್ಪಡಿಸಿ, ಸುಮಾರು ಎರಡು ತಿಂಗಳು ಅವರ ಶುಶ್ರೂಷೆಯನ್ನು ನೋಡಿಕೊಂಡರು. ಕವಿಯ ಮಾತೃಭಾಷೆ ಬಂಗಾಳಿ, ಆಕೆಯದು ಸ್ಪ್ಯಾನಿಷ್. ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷಿನಲ್ಲಿ ಅವರ ಸಂಭಾಷಣೆ ನಡೆಯಿತು. ವಯಸ್ಸು, ದೇಶ, ಭಾಷೆ, ಆಚಾರಗಳಲ್ಲಿ ಯಾವುದೂ ಒಂದಾಗಿರಲಿಲ್ಲ. ಆದರೂ ಸ್ನೇಹ ಬೇರುಬಿಟ್ಟಿತು.

ಆ ದಿನಗಳಲ್ಲಿ ಕವಿಗಳು ‘ಪೂರಬಿ’ ಎಂಬ ಸಂಗ್ರಹದಲ್ಲಿ ಸೇರಿದ ಕವಿತೆಗಳನ್ನು ಬರೆಯುತ್ತಿದ್ದರು. ಬೇಡವಾದ ಪದಗಳನ್ನು ಹೊಡೆದುಹಾಕಿದಾಗ, ಆ ಕಾಟುಗಳನ್ನು ಗೆರೆಗಳಿಂದ ಒಂದಕ್ಕೊಂದು ಜೋಡಿಸಿ ಹಕ್ಕಿಯನ್ನೋ ಮೃಗವನ್ನೋ ಮುಖವನ್ನೋ ಹೋಲುವ ಆಕೃತಿಗಳನ್ನು ಮಾಡುವುದು ಅವರ ಅಭ್ಯಾಸವಾಗಿತ್ತು. ಒಕಾಂಪೊ ಅವರ ಕಣ್ಣಿಗೆ ಅವು ಬಿದ್ದವು. ಅವುಗಳಲ್ಲಿ ಕಲೆಯ ಲಕ್ಷಣವಿದೆಯೆಂದು ಅವರು ಗುರುತಿಸಿದರು. ಮುಂದಿನ ವರ್ಷಗಳಲ್ಲಿ ಆ ಕಾಟುಗಳು ಹಾಳೆಯ ಅಂಚನ್ನು ಬಿಟ್ಟು ಸ್ವತಂತ್ರ ಚಿತ್ರಗಳಾದವು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಪಿಗಾಲ್ ಚಿತ್ರಶಾಲೆಯಲ್ಲಿ ಅವುಗಳ ಮೊದಲ ಪ್ರದರ್ಶನ ನಡೆಯಿತು. ಅದರ ಏರ್ಪಾಟಿನ ಹಿಂದೆ ನಿಂತವರು ಅದೇ ಒಕಾಂಪೊ. ಚಿತ್ರಗಾರರು 70ರ ಹತ್ತಿರಕ್ಕೆ ಬಂದಿದ್ದರು. 1941ರಲ್ಲಿ ದೇಹಾವಸಾನವಾಗುವುದರೊಳಗೆ ಅವರು ಬರೆದ ಚಿತ್ರಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು.

ಕವಿಗೆ ಪ್ರತಿಭೆಯಿತ್ತು, ನಮಗೆ ಇಲ್ಲ, ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇಲ್ಲಿ ಗಮನಿಸತಕ್ಕದ್ದು ಪ್ರತಿಭೆಯನ್ನಲ್ಲ. ಶಾಂತಿನಿಕೇತನದಲ್ಲಿ 1919ರಲ್ಲೇ ಕಲಾಭವನವನ್ನು ಸ್ಥಾಪಿಸಿದವರು ಠಾಕೂರರು. ನಂದಲಾಲ ಬಸು ಅವರಂಥ ಚಿತ್ರಾಚಾರ್ಯರು ಅಲ್ಲಿದ್ದರು. ಎಲ್ಲರೂ ಗುರುದೇವನೆಂದು ಕರೆಯುತ್ತಿದ್ದ ವ್ಯಕ್ತಿ, ಚಿತ್ರಕಲೆಯ ಕ್ರಮಬದ್ಧ ಶಿಕ್ಷಣವಿಲ್ಲದೆಯೇ, ಬಲ್ಲವರ ಕಣ್ಣೆದುರಿಗೆ ಕುಂಚವನ್ನು ಹಿಡಿದರು. ಜಗತ್ತು ಕೊಟ್ಟ ಕೀರ್ತಿ ಕಾವ್ಯದಲ್ಲಿ ಭದ್ರವಾಗಿತ್ತು. ಚಿತ್ರದಲ್ಲಿ ನಗೆಗೀಡಾಗುವ ಸಂಭವವಿತ್ತು. ಆ ಸಂಭವವನ್ನು ಅವರು ಒಪ್ಪಿಕೊಂಡರು. ನಾವು ಕಲಿಯಬೇಕಾದುದು ಅವರ ಗೆರೆಯನ್ನಲ್ಲ, ಆ ಒಪ್ಪಿಗೆಯನ್ನು.

ಇನ್ನು ಸ್ನೇಹದ ವಿಷಯ. ಬಾಲ್ಯದಲ್ಲಿ ಗೆಳೆಯರನ್ನು ಯಾರೂ ಹುಡುಕುವುದಿಲ್ಲ, ಅವರು ದೊರೆಯುತ್ತಾರೆ. ಇದಕ್ಕೆ ಕಾರಣ ಹುಡುಗರ ಮನಸ್ಸಿನ ನಿರ್ಮಲತೆಯೆಂದು ನಾವು ಭಾವಿಸುತ್ತೇವೆ. ಒಂದು ಅಂಶಕ್ಕೆ ಅದು ಸರಿಯಿರಬಹುದು. ಆದರೆ ದೊಡ್ಡ ಕಾರಣ ಬೇರೆ. ಲಿಯಾನ್ ಫೆಸ್ಟಿಂಜರ್ ಮತ್ತು ಅವರ ಇಬ್ಬರು ಸಂಗಡಿಗರು ಅಮೆರಿಕದ ಮಸಾಚುಸೆಟ್ಸ್ ಶಿಲ್ಪವಿಜ್ಞಾನ ಸಂಸ್ಥೆಯ ವಸತಿಗೃಹಗಳಲ್ಲಿ ನಡೆಸಿದ ಪರಿಶೀಲನೆ 1950ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಅಲ್ಲಿನ ನಿವಾಸಿಗಳು ಹೆಚ್ಚಾಗಿ ಸ್ನೇಹ ಬೆಳೆಸಿದ್ದು ಪಕ್ಕದ ಮನೆಯವರೊಡನೆ. ಮಹಡಿಯ ಮೆಟ್ಟಿಲಿನ ಬಳಿ ಇದ್ದವರಿಗೆ ಮೇಲಂತಸ್ತಿನ ಗೆಳೆಯರೂ ಹೆಚ್ಚಾಗಿ ದೊರೆತರು. ಎಡೆಬಿಡದೆ ಎದುರಾಗುವ ಮುಖವು ಕ್ರಮೇಣ ಪರಿಚಿತವಾಗುತ್ತದೆ, ಪರಿಚಯವು ಸ್ನೇಹವಾಗುತ್ತದೆ. ಶಾಲೆಯ ಬೆಂಚು, ವಿದ್ಯಾರ್ಥಿನಿಲಯದ ಊಟದ ಪಂಕ್ತಿ, ಊರಬಾವಿಯ ಕಟ್ಟೆ ಇವೆಲ್ಲವೂ ಇಂಥ ಮೆಟ್ಟಿಲುಗಳೇ. ನಿವೃತ್ತಿಯೊಡನೆ ನಾವು ಕಳೆದುಕೊಳ್ಳುವುದು ಸ್ನೇಹಮಾಡುವ ಶಕ್ತಿಯನ್ನಲ್ಲ, ಆ ಮೆಟ್ಟಿಲನ್ನು.

ಸ್ನೇಹಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದನ್ನೂ ಒಬ್ಬರು ಲೆಕ್ಕಹಾಕಿದ್ದಾರೆ. ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಪರಿಚಿತನು ಸಾಮಾನ್ಯ ಮಿತ್ರನಾಗಲು ಸುಮಾರು 50 ಗಂಟೆ, ಗೆಳೆಯನಾಗಲು ಸುಮಾರು 90 ಗಂಟೆ, ಆಪ್ತನಾಗಲು 200 ಗಂಟೆಗೂ ಹೆಚ್ಚು ಕಾಲ ಒಡನಾಟ ಬೇಕು. ಕೆಲಸದ ಸ್ಥಳದಲ್ಲಿ ಅನಿವಾರ್ಯವಾಗಿ ಜೊತೆಗಿದ್ದ ಗಂಟೆಗಳಿಗಿಂತ, ಬಿಡುವಿನಲ್ಲಿ ತಾವಾಗಿ ಕೂಡಿ ಕಳೆದ ಗಂಟೆಗಳಿಗೇ ಫಲ ಹೆಚ್ಚು. ಸ್ನೇಹವನ್ನು ಗಡಿಯಾರದಿಂದ ಅಳೆಯುವುದು ರಸಿಕರಿಗೆ ಒಪ್ಪದಿರಬಹುದು. ಆದರೂ ಲೆಕ್ಕದಲ್ಲಿ ಒಂದು ಸಾಂತ್ವನವಿದೆ. ಮದುವೆಮನೆಯಲ್ಲಿ ಒಮ್ಮೆ ಕಂಡು ಹತ್ತು ನಿಮಿಷ ಮಾತನಾಡಿದವರು ನಮಗೆ ಸ್ನೇಹಿತರಾಗಲಿಲ್ಲವೆಂದರೆ, ದೋಷ ನಮ್ಮ ಸ್ವಭಾವದಲ್ಲಿಲ್ಲ. ಗಂಟೆಗಳು ಸಾಲಲಿಲ್ಲ, ಅಷ್ಟೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಒಂದು ಗುಂಪಿನಲ್ಲಿ ಕಲೆತರೆ, ಮೂರು ತಿಂಗಳಲ್ಲಿ 50 ಗಂಟೆ ತುಂಬುತ್ತದೆ. ಒಂದು ವರ್ಷದಲ್ಲಿ 200. ಅರವತ್ತರಲ್ಲಿ ಆರಂಭಿಸಿದವರಿಗೆ ಅರವತ್ತೊಂದರಲ್ಲಿ ಒಬ್ಬ ಆಪ್ತಮಿತ್ರ ದೊರೆಯುವುದು ಅಸಾಧ್ಯವೇನಲ್ಲ.

ವಯಸ್ಸಾದವರು ತಾವಾಗಿಯೇ ಬಳಗವನ್ನು ಕಿರಿದು ಮಾಡಿಕೊಳ್ಳುತ್ತಾರೆಂಬ ಮಾತೂ ಉಂಟು. ಲಾರಾ ಕಾರ್ಸ್ಟೆನ್ಸೆನ್ ಎಂಬ ವಿದುಷಿ ಇದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದ್ದಾರೆ: ಉಳಿದ ಕಾಲ ಸ್ವಲ್ಪವೆಂದು ತೋರಿದಾಗ ಮನುಷ್ಯನು ಹೊಸ ಪರಿಚಯಗಳನ್ನು ಬಿಟ್ಟು, ಹಿತವೆನಿಸಿದ ಹಳೆಯ ಕೆಲವರನ್ನೇ ಆರಿಸಿಕೊಳ್ಳುತ್ತಾನೆ. ಇದು ವಿವೇಕವೇ ಹೌದು. ನೂರು ಜನರ ನಮಸ್ಕಾರಕ್ಕಿಂತ ನಾಲ್ವರ ಅಕ್ಕರೆ ಮೇಲು. ಆದರೆ ಆ ನಾಲ್ವರಲ್ಲಿ ಇಬ್ಬರು ತೀರಿಕೊಂಡು ಮೂರನೆಯವರು ಮಗನ ಊರಿಗೆ ಹೊರಟುಹೋದಮೇಲೆ ವಿವೇಕ ಏನು ಹೇಳುತ್ತದೆ? ಕೆರೆ ಚಿಕ್ಕದಾಗಿರುವುದು ದೋಷವಲ್ಲ. ನೀರು ಬರುವ ಕಾಲುವೆ ಮುಚ್ಚಿಹೋಗಿರುವುದು ದೋಷ. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ನೋಡಿದರು. ಬಲವಾದ ಜನಸಂಬಂಧಗಳಿದ್ದವರು, ಅವರನ್ನು ಗಮನಿಸಿದ ಅವಧಿಯ ಕೊನೆಗೆ ಬದುಕಿ ಉಳಿದಿರುವ ಸಂಭವ, ಅಂಥ ಸಂಬಂಧಗಳಿಲ್ಲದವರಿಗಿಂತ ನೂರಕ್ಕೆ 50ರಷ್ಟು ಹೆಚ್ಚಾಗಿತ್ತು. ಆದಕಾರಣ ಇದು ಹೊತ್ತುಗಳೆಯುವ ಮಾತಲ್ಲ; ಆಯುಸ್ಸಿನ ಮಾತು.

ಈಗ ಎರಡು ಎಳೆಗಳನ್ನೂ ಒಂದುಗೂಡಿಸೋಣ. ಹೊಸ ಸ್ನೇಹಿತರು ಬೇಕೆಂದು ಸ್ನೇಹಿತರನ್ನೇ ಹುಡುಕಿಕೊಂಡು ಹೊರಡುವವರು ಸಾಮಾನ್ಯವಾಗಿ ಬರಿಗೈಯಲ್ಲಿ ಮರಳುತ್ತಾರೆ. ಹೊಸ ವಿದ್ಯೆಯೊಂದನ್ನು ಹತ್ತುಜನರ ನಡುವೆ ಕಲಿಯಹೊರಟವರಿಗೆ ಸ್ನೇಹಿತರು ದಾರಿಯಲ್ಲಿ ಸಿಕ್ಕುತ್ತಾರೆ. ಏಕೆಂದರೆ ಕಲಿಯುವವರ ಗುಂಪಿನಲ್ಲಿ ಅಂತಸ್ತು ಕರಗುತ್ತದೆ. ನಿವೃತ್ತ ಜಡ್ಜಿಯೂ ನಿವೃತ್ತ ಅಂಚೆಯ ಪೇದೆಯೂ ಒಂದೇ ತಾಳವನ್ನು ತಪ್ಪಿದಾಗ ಇಬ್ಬರೂ ನಗುತ್ತಾರೆ. ಆ ನಗೆಯೇ ಸ್ನೇಹದ ಮೊದಲ ಅಕ್ಷರ. ಡೆನಿಸ್ ಪಾರ್ಕ್ ಅವರು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಪೋಷಕವಾಗಿದೆ. 60ರಿಂದ 90 ವರ್ಷದವರಲ್ಲಿ ಕೆಲವರು ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ, ಛಾಯಾಚಿತ್ರ ತೆಗೆಯುವುದನ್ನೋ ಕೌದಿ ಹೊಲಿಯುವುದನ್ನೋ ಎರಡನ್ನೂ ಸೇರಿಸಿಯೋ ಹೊಸದಾಗಿ ಕಲಿತರು. ಇನ್ನು ಕೆಲವರು ಬರಿಯ ಹರಟೆ, ಆಟ, ವಿಹಾರಗಳಲ್ಲಿ ಕೂಡಿ ಕಾಲ ಕಳೆದರು. ಜ್ಞಾಪಕಶಕ್ತಿ ಹೆಚ್ಚಿದ್ದು ಕಲಿತವರಲ್ಲಿ. ಸಂಗ ಒಳ್ಳೆಯದು, ಶ್ರಮದೊಡನೆ ಕೂಡಿದ ಸಂಗ ಇನ್ನೂ ಒಳ್ಳೆಯದು.

ಇದಕ್ಕೆ ಸಂಸ್ಥೆಗಳ ನೆರವು ಬೇಕು. ಫ್ರಾನ್ಸಿನ ತುಲೂಸ್ ನಗರದಲ್ಲಿ ಪಿಯೆರ್ ವೆಲ್ಲಾಸ್ ಅವರು 1973ರಲ್ಲಿ ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ’ವನ್ನು ತೆರೆದರು. ಹತ್ತು ವರ್ಷದೊಳಗಾಗಿ ಅದು ಇಂಗ್ಲೆಂಡಿಗೆ ಹರಡಿದಾಗ ಹೊಸ ರೂಪವನ್ನು ತಾಳಿತು: ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ, ಸದಸ್ಯರೇ ಒಬ್ಬರಿಗೊಬ್ಬರು ಗುರುಗಳು. ನಮ್ಮಲ್ಲಿಯೂ ಇಂಥ ಕೂಟಗಳ ಪರಂಪರೆ ಇಲ್ಲದೆ ಇಲ್ಲ. ಡಿ. ವಿ. ಗುಂಡಪ್ಪನವರು 1945ರಲ್ಲಿ, 58ರ ಸಮೀಪದಲ್ಲಿದ್ದಾಗ, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಅಧ್ಯಯನಗೋಷ್ಠಿಗಳಲ್ಲಿ ಕಿರಿಯರೂ ಹಿರಿಯರೂ ಕೂಡಿ ಓದಿದರು, ಚರ್ಚಿಸಿದರು. ಗೊತ್ತಾದ ದಿನ, ಗೊತ್ತಾದ ಸ್ಥಳ, ಗೊತ್ತಾದ ಗ್ರಂಥ, ಬಿಡದೆ ಬರುವ ಕೆಲವರು: ಕೂಟಕ್ಕೆ ಬೇಕಾದ ಬಂಡವಾಳ ಇಷ್ಟೇ.

ಕೆಲವು ವ್ಯಾವಹಾರಿಕ ಸೂಚನೆಗಳನ್ನು ಹೇಳಬಹುದು. ಮೊದಲನೆಯದಾಗಿ, ಒಬ್ಬರೇ ಕುಳಿತು ಮಾಡುವ ಕೆಲಸಕ್ಕಿಂತ ಹಲವರು ಕೂಡಿ ಮಾಡುವುದನ್ನು ಆರಿಸಬೇಕು. ಗಮಕ, ಭಜನೆ, ನಾಟಕ, ಹಕ್ಕಿಗಳ ವೀಕ್ಷಣೆ, ತೋಟಗಾರಿಕೆ, ಹಳಗನ್ನಡ ಕಾವ್ಯಗಳ ಓದು, ಯಾವುದಾದರೂ ಸರಿ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತುಗಳು ಕೇಳಿಬರುವ ನಮ್ಮ ಪಟ್ಟಣಗಳಲ್ಲಿ ನೆರೆಯವರ ಲಿಪಿಯನ್ನು ಅವರಿಂದಲೇ ಕಲಿಯುವುದು ವಿದ್ಯೆಯೂ ಆಯಿತು, ಸ್ನೇಹವೂ ಆಯಿತು. ಎರಡನೆಯದಾಗಿ, ಮೂರು ತಿಂಗಳವರೆಗೆ ಫಲವನ್ನು ವಿಚಾರಿಸಬಾರದು. ಮೊದಲ ದಿನದ ಮುಜುಗರದಿಂದ ಎರಡನೆಯ ದಿನ ಹೋಗದಿರುವವರೇ ಬಹುಮಂದಿ. ಮೂರನೆಯದಾಗಿ, ಕಿರಿಯರ ಸ್ನೇಹವನ್ನು ಅಲ್ಲಗಳೆಯಬಾರದು. ಅವರಿಗೆ ಉಪದೇಶಿಸುವ ಆತುರವನ್ನು ಮಾತ್ರ ತಡೆದುಕೊಳ್ಳಬೇಕು. ಕೇಳದೆ ಕೊಟ್ಟ ಬುದ್ಧಿವಾದದಿಂದ ಮುರಿದ ಸ್ನೇಹಗಳು ಸಾಲದಿಂದ ಮುರಿದವುಗಳಿಗಿಂತ ಹೆಚ್ಚೆಂದು ತೋರುತ್ತದೆ.

ಸ್ತ್ರೀಯರ ವಿಷಯದಲ್ಲಿ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಗೃಹಿಣಿಗೆ ನಿವೃತ್ತಿಯೆಂಬುದೇ ಇಲ್ಲ. ಗಂಡನಿಗೆ ಪೆನ್ಷನ್ ಬಂದ ತಿಂಗಳಿಂದ ಆಕೆಗೆ ಹಗಲಿನ ಕೆಲಸ ಒಂದು ಪಾಲು ಹೆಚ್ಚುತ್ತದೆ. ಮೊಮ್ಮಕ್ಕಳು ಬಂದರೆ ಇನ್ನೊಂದು ಪಾಲು. “ನಮ್ಮ ತಾಯಿಗೆ ಮನೆಯೇ ಪ್ರಪಂಚ” ಎಂದು ಅಭಿಮಾನದಿಂದ ಹೇಳುವ ಮಕ್ಕಳು, ಆ ಪ್ರಪಂಚಕ್ಕೆ ಬಾಗಿಲಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ವಾರಕ್ಕೆ ಎರಡು ಮಧ್ಯಾಹ್ನಗಳನ್ನು ಆಕೆಗೆ ಬಿಟ್ಟುಕೊಟ್ಟು, ಆ ಹೊತ್ತಿನ ಕಾಫಿಯನ್ನು ತಾವೇ ಮಾಡಿಕೊಂಡರೆ, ಸೀರೆ ಒಡವೆಗಳಿಗಿಂತ ಬೆಲೆಯುಳ್ಳ ಕಾಣಿಕೆಯನ್ನು ಕೊಟ್ಟಂತಾಗುತ್ತದೆ.

ಎಲ್ಲರಿಗೂ ಎಲ್ಲವೂ ಸಾಧ್ಯವೆಂದು ನಾವು ಹೇಳುತ್ತಿಲ್ಲ. ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ, ಕೈಯಲ್ಲಿ ಹಣ ಸಾಲದಿರಬಹುದು, ಶೋಕ ಎದೆಯಲ್ಲಿ ಭಾರವಾಗಿ ಕುಳಿತಿರಬಹುದು. ಐವತ್ತು ವರ್ಷದ ಗೆಳೆಯನ ಸ್ಥಾನವನ್ನು ಐದು ತಿಂಗಳ ಗೆಳೆಯನು ತುಂಬಲಾರನು, ತುಂಬಬೇಕಾಗಿಯೂ ಇಲ್ಲ. ನಮ್ಮ ಎಳೆತನವನ್ನು ಕಂಡವರು ಹಳೆಯ ಗೆಳೆಯರು. ಹೊಸ ಗೆಳೆಯರು ಅದನ್ನು ಕಾಣರು. ಆದರೆ ನಾವು ಏನಾಗಿದ್ದೆವೆಂಬುದನ್ನು ಅರಿಯದ ಅವರು, ನಾವು ಈಗ ಏನಾಗಿದ್ದೇವೆಂಬುದನ್ನು ನೋಡಿ ನಮ್ಮನ್ನು ಒಪ್ಪುತ್ತಾರೆ. ಹುದ್ದೆ ಹೋದಮೇಲೆ, ಬಿರುದು ಮರೆತಮೇಲೆ ದೊರೆತ ಆ ಒಪ್ಪಿಗೆಯಲ್ಲಿ ಯಾವ ಸ್ವಾರ್ಥದ ಬೆರಕೆಯೂ ಇರುವುದಿಲ್ಲ.

ಈ ಭಾಷಣವನ್ನು ಕೇಳುತ್ತಿರುವ ಹಿರಿಯರಲ್ಲಿ ಪ್ರತಿಯೊಬ್ಬರಿಗೂ, ಒಮ್ಮೆ ಕಲಿಯಬೇಕೆಂದು ಆಸೆಪಟ್ಟು ಕೆಲಸದ ಗಲಾಟೆಯಲ್ಲಿ ಮುಂದಕ್ಕೆ ಹಾಕಿದ ವಿದ್ಯೆ ಒಂದಾದರೂ ಇದ್ದೇ ಇರುತ್ತದೆ. ಅದರ ಪಾಠ ಊರಿನಲ್ಲಿ ಎಲ್ಲಿ ನಡೆಯುತ್ತದೆ, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ನಾಳೆಯೇ ವಿಚಾರಿಸುವುದು ಸಾಧ್ಯ. ಹೋದಾಗ ಹಿಂದಿನ ಸಾಲಿನಲ್ಲಿ ಒಂದು ಚಾಪೆಯ ಮೇಲೆ ಸ್ಥಳವಿರುತ್ತದೆ. ಪಕ್ಕದಲ್ಲಿ ಕುಳಿತವರಿಗೂ ಪಾಠ ಬಾರದು. ಅವರ ಹೆಸರನ್ನು ಕೇಳುವುದರಿಂದ ಆರಂಭಮಾಡಬಹುದು.